ಪಕ್ಕದ ಬೆಂಚಿನ ಹಸಿವು

(ಕ್ರಿಸ್ತರ ಪರಮ ಪವಿತ್ರ ಶರೀರ ಮತ್ತು ರಕ್ತದ ಮಹೋತ್ಸವದಂದು ನೀಡಿದ ಪ್ರಬೋಧನೆ)



ಶಾಲೆಗಳು ತೆರೆದು ಇನ್ನೂ ಹೆಚ್ಚು ದಿನವಾಗಿಲ್ಲ. ಹೊಸ ಬ್ಯಾಗಿನ ವಾಸನೆ ಹೋಗಿಲ್ಲ, ಪುಸ್ತಕಗಳಿಗೆ ಬೈಂಡು ಹಾಕಿ ಮುಗಿದಿಲ್ಲ. ಅಷ್ಟರಲ್ಲೇ ಪರಮಪ್ರಸಾದದ ಮಹೋತ್ಸವ ಬಂದಿದೆ. ಸಂಜೆ ಮೆರವಣಿಗೆ ಇದೆ. ಈ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳು ಬಿಳಿ ಉಡುಪು ತೊಟ್ಟು ದಾರಿಯುದ್ದಕ್ಕೂ ಹೂ ಚೆಲ್ಲುತ್ತಾರೆ. ಸಂಜೆ ಮಳೆ ಬಾರದಿರಲಿ ಎಂದು ಮಕ್ಕಳ ತಾಯಂದಿರು ಪ್ರಾರ್ಥಿಸುತ್ತಿದ್ದಾರೆ, ಬರಲಿ ಎಂದು ರೈತರು ಪ್ರಾರ್ಥಿಸುತ್ತಿದ್ದಾರೆ. ದೇವರು ಯಾರ ಮಾತು ಕೇಳುತ್ತಾರೋ ನೋಡೋಣ.

ಇಡೀ ಧರ್ಮಸಭೆ ಈ ಹಬ್ಬವನ್ನು ಆಚರಿಸಬೇಕೆಂದು ಜಗದ್ಗುರು ನಾಲ್ಕನೇ ಉರ್ಬಾನರು ಆಜ್ಞೆ ಮಾಡಿದ್ದು 1264ರಲ್ಲಿ. ಆ ಚರಿತ್ರೆಯನ್ನು ನೀವು ಪ್ರತಿವರ್ಷ ಕೇಳುತ್ತೀರಿ. ಇಂದು ಅದನ್ನು ಬದಿಗಿಟ್ಟು, ಒಂದು ಮಗು ನಮ್ಮನ್ನು ಕೇಳಿದ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತೇವೆ.

ಇದು ನಡೆದದ್ದು ಈ ಧರ್ಮಕೇಂದ್ರದಲ್ಲಲ್ಲ, ನಾವು ಹಿಂದೆ ಸೇವೆಯಲ್ಲಿದ್ದ ಕಡೆ. ಆದ್ದರಿಂದ ಯಾರ ಮನೆಯ ವಿಷಯ ಇದು ಎಂದು ಯಾರೂ ಹಿಂದೆ ಮುಂದೆ ತಿರುಗಿ ನೋಡಬೇಕಾಗಿಲ್ಲ. ಭಾನುವಾರದ ಧರ್ಮೋಪದೇಶ ತರಗತಿ ಮುಗಿದು ಮಕ್ಕಳೆಲ್ಲ ಓಡಿಹೋಗಿದ್ದರು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಮಾತ್ರ ದೇವಾಲಯದ ಬಾಗಿಲಲ್ಲಿ ನಿಂತಿದ್ದಳು.

“ಏನಮ್ಮ?” ಎಂದೆವು.

“ಫಾದರ್, ನನ್ನ ಪಕ್ಕ ಕೂರೋಳು ಊಟದ ಬೆಲ್ ಆದ ಕೂಡಲೇ ನೀರು ಕುಡಿಯೋಕೆ ಹೋಗ್ತಾಳೆ. ಎಲ್ಲರೂ ಊಟ ಮುಗಿಸಿದ ಮೇಲೆ ಬರ್ತಾಳೆ. ದಿನಾ ಹಾಗೇ. ಅವಳಿಗೆ ನನ್ನ ಚಪಾತಿ ಕೊಡ್ಲಾ ಅಂತ ಅಮ್ಮನ್ನ ಕೇಳಿದೆ. ಬೇಡ, ಒಂದು ದಿನ ಕೊಟ್ರೆ ದಿನಾ ಕೇಳ್ತಾಳೆ, ನಿನ್ನ ಊಟ ನೀನು ಮಾಡು ಅಂದ್ರು. ಅಮ್ಮ ಹೇಳಿದ್ದು ಸರೀನಾ ಫಾದರ್?”

ನಾವು ತಡವರಿಸಿದೆವು. ಸೆಮಿನರಿಯಲ್ಲಿ ವರ್ಷಗಟ್ಟಲೆ ತತ್ವಶಾಸ್ತ್ರ, ದೈವಶಾಸ್ತ್ರ ಓದಿದವರಿಗೆ ಒಂದು ಚಪಾತಿಯ ಪ್ರಶ್ನೆಗೆ ಉತ್ತರ ಹೊಳೆಯಲಿಲ್ಲ. ತಾಯಿಯ ಮಾತು ತಪ್ಪು ಎಂದರೆ ತಂದೆತಾಯಿಯನ್ನು ಗೌರವಿಸಬೇಕೆಂಬ ನಾಲ್ಕನೇ ಕಟ್ಟಳೆಗೆ ಪೆಟ್ಟು. ಸರಿ ಎಂದರೆ ಇಡೀ ಶುಭಸಂದೇಶಕ್ಕೇ ಪೆಟ್ಟು. ಅಮ್ಮನ ಹತ್ತಿರ ಮಾತಾಡುವುದಾಗಿ ಹೇಳಿ ಮಗುವನ್ನು ಮನೆಗೆ ಕಳುಹಿಸಿದೆವು.

ಆ ತಾಯಿ ಕೆಟ್ಟವರಲ್ಲ. ಪ್ರತಿ ಶನಿವಾರ ಬಲಿಪೀಠಕ್ಕೆ ಹೂ ಜೋಡಿಸುತ್ತಿದ್ದವರು. ಆ ನೀರು ಕುಡಿಯಲು ಹೋಗುವ ಹುಡುಗಿಯ ಮನೆಯ ವಿಷಯ ನಮಗೆ ತಿಳಿದದ್ದು ಆಮೇಲೆ. ತಂದೆ ಆಟೋ ಓಡಿಸುತ್ತಿದ್ದರು. ಅಪಘಾತದಲ್ಲಿ ಕಾಲು ಮುರಿದು ಮಲಗಿದ್ದರು. ತಾಯಿ ಓಲೆ ಮಾರಿ ಶಾಲೆಯ ಫೀಸು ಕಟ್ಟಿದ್ದರು. ಫೀಸು ಕಟ್ಟಿದ್ದರಿಂದ ಶಾಲೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಬೆಳಿಗ್ಗೆ ಡಬ್ಬಿಗೆ ಹಾಕಲು ಮಾತ್ರ ಏನೂ ಇರುತ್ತಿರಲಿಲ್ಲ.

ಬಡತನ ಎಂದರೆ ಸರ್ಕಾರಿ ಶಾಲೆ ಎಂದು ನಾವು ತಿಳಿದುಕೊಂಡಿದ್ದೇವೆ. ಆದರೆ 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶ ನೀಡಿದ ನಂತರ ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಬಿಸಿಯೂಟ ಆರಂಭವಾಯಿತು, ಆಮೇಲೆ ಎಲ್ಲ ಕಡೆ ಹರಡಿತು. 2013ರಿಂದ ಹಾಲನ್ನೂ ಕೊಡುತ್ತಿದ್ದಾರೆ. ಅಲ್ಲಿ ಮಕ್ಕಳು ಸಾಲಾಗಿ ಕೂತು ಒಂದೇ ಪಾತ್ರೆಯ ಅನ್ನ ಸಾರು ಉಣ್ಣುತ್ತಾರೆ. ಅನುದಾನವಿಲ್ಲದ ಖಾಸಗಿ ಶಾಲೆಯಲ್ಲಿ ಹಾಗಲ್ಲ. ಅಲ್ಲಿ ಪ್ರತಿ ಮಗುವೂ ತನ್ನ ಮನೆಯ ಡಬ್ಬಿ ತೆರೆಯಬೇಕು. ಡಬ್ಬಿ ತೆರೆದರೆ ಮನೆಯೇ ತೆರೆದಂತೆ. ತೆರೆಯಲಾಗದ ಮಗು ನಲ್ಲಿಯ ಹತ್ತಿರ ಹೋಗಿ ನಿಲ್ಲುತ್ತದೆ.

ಪ್ರಿಯರೇ, ಇಂದಿನ ಎರಡನೇ ವಾಚನವನ್ನು ನೆನಪಿಸಿಕೊಳ್ಳಿ. ಸಂತ ಪೌಲರು ಕೊರಿಂಥದ ಸಭೆಗೆ ಬರೆಯುತ್ತಾರೆ: ನಾವು ಮುರಿಯುವ ರೊಟ್ಟಿ ಒಂದೇ ಆದ್ದರಿಂದ, ಹಲವರಾದ ನಾವು ಒಂದೇ ಶರೀರ. ಕೇಳಲು ಬಹಳ ಸೊಗಸಾಗಿದೆ. ಆದರೆ ಅದೇ ಪತ್ರದಲ್ಲಿ ಒಂದು ಅಧ್ಯಾಯ ಮುಂದೆ ಹೋಗಿ ನೋಡಿ. ಅಲ್ಲಿ ಪೌಲರು ಕೋಪಗೊಂಡಿದ್ದಾರೆ. ಕೊರಿಂಥದ ಕ್ರೈಸ್ತರು ಪ್ರಭುವಿನ ಭೋಜನಕ್ಕೆ ಸೇರುತ್ತಿದ್ದರು, ಆದರೆ ಒಬ್ಬೊಬ್ಬರೂ ತಾವು ತಂದದ್ದನ್ನು ತಾವೇ ಮುಂಚಿತವಾಗಿ ತಿಂದುಬಿಡುತ್ತಿದ್ದರು. ಒಬ್ಬ ಹಸಿದಿರುತ್ತಿದ್ದ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಿದ್ದ. ಅನುಕೂಲಸ್ಥರು ಬೇಗ ಬರುತ್ತಿದ್ದರು, ದಿನವಿಡೀ ದುಡಿಯುವ ಕೂಲಿಯವರೂ ಗುಲಾಮರೂ ತಡವಾಗಿ ಬರುವ ಹೊತ್ತಿಗೆ ಪಾತ್ರೆ ಖಾಲಿಯಾಗಿರುತ್ತಿತ್ತು ಎಂದು ಬೈಬಲ್ ಪಂಡಿತರು ವಿವರಿಸುತ್ತಾರೆ. ಏನೂ ಇಲ್ಲದವರನ್ನು ನೀವು ನಾಚಿಕೆಪಡಿಸುತ್ತಿದ್ದೀರಿ ಎನ್ನುವುದೇ ಪೌಲರ ಆರೋಪ. ‘ಹಸಿವಿಗೆ ದೂಡುತ್ತಿದ್ದೀರಿ’ ಎಂದಷ್ಟೇ ಅಲ್ಲ, ‘ನಾಚಿಕೆಪಡಿಸುತ್ತಿದ್ದೀರಿ’ ಎನ್ನುತ್ತಾರೆ ಎಂಬುದನ್ನು ಗಮನಿಸಿ.

ನಾವು ಪ್ರತಿ ಬಲಿಪೂಜೆಯಲ್ಲಿ ರೊಟ್ಟಿಯನ್ನು ಎತ್ತಿ ಹೇಳುವ ಮಾತುಗಳಿವೆಯಲ್ಲ, ಯೇಸುಸ್ವಾಮಿ ಕೊನೆಯ ಭೋಜನದಲ್ಲಿ ಆಡಿದ ಮಾತುಗಳು, ಅವು ಬರವಣಿಗೆಯಲ್ಲಿ ನಮಗೆ ಮೊಟ್ಟಮೊದಲು ಸಿಗುವುದು ಇಲ್ಲಿಯೇ. ಶುಭಸಂದೇಶಗಳು ಬರಹಕ್ಕೆ ಇಳಿಯುವ ಮುಂಚೆಯೇ, ಸುಮಾರು ಕ್ರಿ.ಶ. 55ರಲ್ಲಿ ಬರೆದ ಪತ್ರ ಅದು. ಆ ಮಾತುಗಳನ್ನು ಪೌಲರು ಬರೆಯಬೇಕಾಗಿ ಬಂದದ್ದು ಯಾಕೆ? ಪಕ್ಕದಲ್ಲಿ ಕೂತವನು ಹಸಿದಿದ್ದರೂ ತಮ್ಮ ಡಬ್ಬಿಯನ್ನು ತಾವೇ ಖಾಲಿ ಮಾಡಿದ ಜನರಿಗೆ ಬುದ್ಧಿ ಹೇಳಲಿಕ್ಕೆ! ಒಬ್ಬರಿಗೋಸ್ಕರ ಇನ್ನೊಬ್ಬರು ಕಾಯಿರಿ ಎಂದು ಹೇಳಿ ಪೌಲರು ಆ ವಿಷಯವನ್ನು ಮುಗಿಸುತ್ತಾರೆ. ಕಾಯುವುದು. ಊಟದ ಬೆಲ್ ಆದ ಮೇಲೆ, ನಲ್ಲಿಯ ಹತ್ತಿರ ಹೋದವಳು ಬರುವ ತನಕ ಡಬ್ಬಿ ತೆರೆಯದೆ ಕಾಯುವುದು. ನಾಲ್ಕನೇ ತರಗತಿಯ ಮಗು ಕೇಳಿದ್ದು ಕೊರಿಂಥದ ಪ್ರಶ್ನೆಯನ್ನೇ.

ಮಕ್ಕಳಿಗೆ ಕನಿಕರವನ್ನು ನಾವು ಕಲಿಸಬೇಕು ಎಂದು ತಂದೆತಾಯಂದಿರು ಆಗಾಗ ಹೇಳುತ್ತಾರೆ. ಕಲಿಸುವುದಕ್ಕಿಂತ ಮುಂಚೆ, ಇರುವುದನ್ನು ಕಿತ್ತುಹಾಕದಿದ್ದರೆ ಅರ್ಧ ಕೆಲಸವಾಯಿತು. ಹೆರಿಗೆ ವಾರ್ಡಿನಲ್ಲಿ ಒಂದು ಕೂಸು ಅತ್ತರೆ ಪಕ್ಕದ ಕೂಸೂ ಅಳುವುದನ್ನು ತಾಯಂದಿರು ಕಂಡಿದ್ದೀರಿ. ಸಂತ ಮಾರ್ಕರು, ಯೇಸುಸ್ವಾಮಿ ಜನಸಮೂಹವನ್ನು ಕಂಡು ಮರುಗಿದರು ಎಂದು ಬರೆಯುವಾಗ ಬಳಸಿದ ಗ್ರೀಕ್ ಪದಕ್ಕೆ ಒಳಗಿನ ಅಂಗಗಳು, ಕರುಳು ಎಂಬುದೇ ಮೂಲ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕರುಳು ಚುರುಕ್ ಎಂದಿತು ಎನ್ನುತ್ತೇವಲ್ಲ, ಅದೇ. ಮಗುವಿಗೆ ಈ ಕರುಳನ್ನು ಸೃಷ್ಟಿಕರ್ತರೇ ಕೊಟ್ಟು ಕಳುಹಿಸಿರುತ್ತಾರೆ.

ಆಮೇಲೆ ನಾವು ಶುರು ಮಾಡುತ್ತೇವೆ. ‘ಅವನ ಜೊತೆ ಸೇರಬೇಡ, ಅವನಪ್ಪ ಕುಡುಕ.’ ‘ಅವಳಿಗೆ ನೋಟ್ಸ್ ಕೊಡಬೇಡ, ನಿನಗಿಂತ ಜಾಸ್ತಿ ಮಾರ್ಕ್ಸ್ ತಗೊಂಡಾಳು.’ ‘ಆ ಕೇರಿಯ ಮಕ್ಕಳ ಜೊತೆ ಆಟ ಬೇಡ.’ ‘ಊರ ಉಸಾಬರಿ ನಿನಗ್ಯಾಕೆ.’ ಬಿಸಿಯೂಟ ಬೇಯಿಸಿದ ಅಮ್ಮನ ಜಾತಿ ನೋಡಿ ಮಕ್ಕಳು ಊಟ ಬಿಟ್ಟರು ಎಂಬ ಸುದ್ದಿ ನಮ್ಮ ರಾಜ್ಯದಿಂದಲೂ ಪತ್ರಿಕೆಗಳಲ್ಲಿ ಬಂದಿದೆ. ಆರು ವರ್ಷದ ಮಗುವಿಗೆ ಸಾರಿನಲ್ಲಿ ಜಾತಿಯ ರುಚಿ ಗೊತ್ತಾಗುತ್ತದೆಯೇ? ಮನೆಯಲ್ಲಿ ಯಾರೋ ಹೇಳಿ ಕಳುಹಿಸಿರುತ್ತಾರೆ. ನಮ್ಮ ಕ್ರೈಸ್ತ ಮನೆಗಳಲ್ಲಿ ಇದೆಲ್ಲ ಇಲ್ಲ ಎಂದು ಎದೆ ಮುಟ್ಟಿ ಹೇಳುವ ಧೈರ್ಯ ನಮಗಂತೂ ಇಲ್ಲ.

ಆ ತಾಯಿಯ ಮನೆಗೆ ಮರುದಿನವೇ ಹೋದೆವು. ಬುದ್ಧಿ ಹೇಳಬೇಕೆಂದು ದಾರಿಯಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆವು. ಮಗಳು ಕೇಳಿದ ಪ್ರಶ್ನೆಯನ್ನು ಹೇಳಿದೊಡನೆ ಅವರು ಸುಮ್ಮನಾದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು: “ಸ್ವಾಮಿ, ಆ ಮಾತು ನಂದಲ್ಲ. ನಾನು ಚಿಕ್ಕವಳಿದ್ದಾಗ ನನ್ನ ಬಗ್ಗೇನೇ ಆಡಿದ ಮಾತು. ಪಕ್ಕದ ಮನೆಯವರು ಒಂದು ದಿನ ಕರೆದು ಅನ್ನ ಹಾಕಿದ್ರು. ಮಾರನೇ ದಿನ ಆಟ ಆಡೋಕೆ ಅಂತ ಹೋದೆ. ಒಳಗಿಂದ ಕೇಳಿಸ್ತು, ಒಂದು ದಿನ ಕೊಟ್ರೆ ದಿನಾ ಬರ್ತಾಳೆ ನೋಡು ಅಂತ. ಅವತ್ತಿಂದ ಅವರ ಅಂಗಳಕ್ಕೆ ಕಾಲಿಡಲಿಲ್ಲ. ಇಷ್ಟು ವರ್ಷ ಆದ ಮೇಲೆ ಅದೇ ಮಾತು ನನ್ನ ಬಾಯಲ್ಲೇ ಬಂತಲ್ಲ ಸ್ವಾಮಿ.”

ನಾವು ಜೋಡಿಸಿಕೊಂಡು ಹೋಗಿದ್ದ ಮಾತುಗಳೆಲ್ಲ ಅಲ್ಲೇ ಉಳಿದವು.

ಇಂದಿನ ಮೊದಲ ವಾಚನದಲ್ಲಿ ಮೋಶೆ ಜನರಿಗೆ ಹೇಳುವುದು ಏನು? ನೆನಪಿಟ್ಟುಕೊಳ್ಳಿ, ಮರೆಯಬೇಡಿ. ನಲವತ್ತು ವರ್ಷ ಅರಣ್ಯದಲ್ಲಿ ನಡೆದದ್ದನ್ನು, ಹಸಿದದ್ದನ್ನು, ಮನ್ನಾ ತಿಂದದ್ದನ್ನು ನೆನಪಿಡಿ. ಯಾಕೆಂದರೆ ಮುಂದೆ ಒಳ್ಳೆಯ ಮನೆ ಕಟ್ಟಿಕೊಳ್ಳುತ್ತೀರಿ, ದನಕರು ಹೆಚ್ಚುತ್ತವೆ, ಆಗ ಮರೆತುಬಿಡುತ್ತೀರಿ ಎಂದು ಮೋಶೆಗೆ ಗೊತ್ತಿತ್ತು. ಇಲ್ಲಿ ಕೂತಿರುವ ತಂದೆತಾಯಂದಿರಲ್ಲಿ ಎಷ್ಟೋ ಜನ ಬೋರ್ಡಿಂಗಿನಲ್ಲಿ ಬೆಳೆದವರು, ಬರಿಗಾಲಲ್ಲಿ ಶಾಲೆಗೆ ನಡೆದವರು, ಅಣ್ಣನ ಹಳೆಯ ಪುಸ್ತಕ ಓದಿ ಪಾಸಾದವರು. ‘ನಾವು ಪಟ್ಟ ಕಷ್ಟ ನಮ್ಮ ಮಕ್ಕಳಿಗೆ ಬರಬಾರದು’ ಎನ್ನುತ್ತೀರಿ. ಬರಬಾರದು, ನಿಜ. ಆದರೆ ಆ ಕಷ್ಟದ ವಿಷಯವೇ ಮಕ್ಕಳಿಗೆ ತಿಳಿಯಬಾರದು ಎಂದು ಮುಚ್ಚಿಡುತ್ತೀರಲ್ಲ, ಅದು ಮೋಶೆ ಹೇಳಿದ್ದಕ್ಕೆ ವಿರುದ್ಧ. ತನ್ನ ಅಪ್ಪನೂ ಒಂದು ಕಾಲದಲ್ಲಿ ಫೀಸು ಕಟ್ಟಲಾಗದೆ ತರಗತಿಯ ಹೊರಗೆ ನಿಂತಿದ್ದರು ಎಂದು ತಿಳಿದ ಮಗು, ಇಂದು ಹೊರಗೆ ನಿಂತ ಸಹಪಾಠಿಯನ್ನು ನೋಡಿ ನಗುವುದಿಲ್ಲ. ಆದ್ದರಿಂದ ಹೇಳಿ. ಆದರೆ ಒಂದು ವಿನಂತಿ. ಮಗು ಹೊಸ ಶೂ ಕೇಳಿದಾಗ ‘ನಮ್ಮ ಕಾಲದಲ್ಲಿ ನಾವು...’ ಎಂದು ಆರಂಭಿಸುವ ಭಾಷಣ ಬೇಡ. ಅದನ್ನು ಮಕ್ಕಳು ಕೇಳುವುದಿಲ್ಲ, ನಾವೂ ಕೇಳುತ್ತಿರಲಿಲ್ಲ. ರಾತ್ರಿ ಊಟದ ನಂತರ ಕಥೆಯ ಹಾಗೆ ಹೇಳಿ. ಆ ದಿನ ನಿಮಗೆ ಸಹಾಯ ಮಾಡಿದ ಗೆಳೆಯನ ಹೆಸರನ್ನೂ ಹೇಳಿ.

ಈಗ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಆ ತಾಯಿ ಅಷ್ಟು ಹೇಳಿಕೊಂಡ ಮೇಲೆ ನಾವು ಸುಮ್ಮನಿದ್ದರೆ ಸರಿಯಾಗುವುದಿಲ್ಲ.

ಗುರುದೀಕ್ಷೆಯಾದ ಕೆಲವು ವರ್ಷಗಳಲ್ಲಿ ಒಂದು ಧರ್ಮಕೇಂದ್ರದ ಹಬ್ಬದ ದಿನ ಬಡ ಮಕ್ಕಳಿಗೆ ನೋಟ್‌ಪುಸ್ತಕ ವಿತರಣೆ ಇಟ್ಟುಕೊಂಡೆವು. ದಾನಿಗಳು ಬಂದಿದ್ದರು, ವೇದಿಕೆ ಇತ್ತು, ಮೈಕ್ ಇತ್ತು. ಒಬ್ಬೊಬ್ಬ ಮಗುವಿನ ಹೆಸರನ್ನು ನಾವೇ ಕೂಗಿ ಕರೆದೆವು. ಪುಸ್ತಕದ ಕಟ್ಟಿನ ಒಂದು ತುದಿಯನ್ನು ದಾನಿ, ಇನ್ನೊಂದು ತುದಿಯನ್ನು ಮಗು ಹಿಡಿದುಕೊಂಡು ಕ್ಯಾಮೆರಾ ನೋಡಬೇಕು. ಏಳನೇ ತರಗತಿಯ ಒಬ್ಬ ಹುಡುಗ ತಲೆ ಎತ್ತಲಿಲ್ಲ. “ಇಲ್ಲಿ ನೋಡೋ, ನಗೋ” ಎಂದು ಗದರಿಸಿದವರೂ ನಾವೇ. ಮುಂದಿನ ಭಾನುವಾರ ಆ ಹುಡುಗ ಧರ್ಮೋಪದೇಶಕ್ಕೆ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಮನೆಗೆ ಹೋದಾಗ ಅವನ ಅಜ್ಜಿ ಹೇಳಿದರು: “ಅವನನ್ನ ಇಸ್ಕೂಲಲ್ಲಿ ಎಲ್ಲಾ ‘ಪುಕ್ಸಟ್ಟೆ’ ಅಂತ ಕರೀತಾವ್ರೆ ಸ್ವಾಮಿ. ನಿಮ್ಮ ಪುಸ್ತಕ ಪೆಟ್ಟಿಗೇಲಿ ಹಾಗೇ ಐತೆ.”

ಹಾಗೆ ಕರೆದವರು ಯಾರು? ಹೊರಗಿನವರಲ್ಲ. ನಮ್ಮ ಧರ್ಮೋಪದೇಶದ ಮಕ್ಕಳೇ. ಅವರನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಆ ಹುಡುಗ ಬೇರೆ, ನೀವು ಬೇರೆ ಎಂದು ವೇದಿಕೆಯ ಮೇಲೆ ನಿಂತು ಮೈಕಿನಲ್ಲಿ ಕಲಿಸಿದ್ದು ನಾವು. ಮಕ್ಕಳು ಪಾಠವನ್ನು ಸರಿಯಾಗಿಯೇ ಕಲಿತಿದ್ದರು. ಅಂದಿನಿಂದ ನಮ್ಮ ಸೇವೆಯ ಯಾವ ಧರ್ಮಕೇಂದ್ರದಲ್ಲೂ ವೇದಿಕೆಯಲ್ಲಿ ವಿತರಣೆ ಇಲ್ಲ, ಫೋಟೋ ಇಲ್ಲ. ಬೇಕಾದವರ ತಂದೆತಾಯಿಗೆ ಸದ್ದಿಲ್ಲದೆ ತಲುಪುತ್ತದೆ. ಕೆಲವು ದಾನಿಗಳಿಗೆ ಇದರಿಂದ ಬೇಸರವಾಗಿದೆ ಎಂದೂ ಗೊತ್ತು. ಆ ಹುಡುಗ ಧರ್ಮೋಪದೇಶಕ್ಕೆ ಮರಳಿ ಬರಲಿಲ್ಲ.

ಸಹಾನುಭೂತಿ ಎಂಬ ಪದವನ್ನು ನೋಡಿ. ‘ಸಹ’ ಎಂದರೆ ಜೊತೆಗೆ. ಮೇಲೆ ನಿಂತು ಕೆಳಗೆ ಕೈಚಾಚಿದರೆ ಅದು ಆ ಪದಕ್ಕೆ ಸೇರುವುದಿಲ್ಲ. ಶಾಲೆಯ ಬೆಂಚಿನ ಮೇಲೆ ಮಕ್ಕಳು ಒಂದೇ ಎತ್ತರದಲ್ಲಿ ಕೂರುತ್ತಾರೆ. ಆ ಎತ್ತರ ನಮಗೆ ಸಿಗುವುದಿಲ್ಲ, ಅವರಿಗೆ ಸಿಕ್ಕಿದೆ.

2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೇ ಲಿಯೋ ಅವರು ಕಾರ್ಲೋ ಅಕ್ಯುಟಿಸ್ ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ಮಕ್ಕಳಿಗೆ ಅವರ ಚಿತ್ರ ಗೊತ್ತು, ಜೀನ್ಸ್ ತೊಟ್ಟ, ಬೆನ್ನಿಗೆ ಬ್ಯಾಗು ಹಾಕಿದ ಹುಡುಗ. 1991ರಲ್ಲಿ ಹುಟ್ಟಿ, 2006ರಲ್ಲಿ ರಕ್ತದ ಕ್ಯಾನ್ಸರಿನಿಂದ ಹದಿನೈದನೇ ವಯಸ್ಸಿನಲ್ಲಿ ತೀರಿಕೊಂಡವರು. ಕಂಪ್ಯೂಟರಿನಲ್ಲಿ ಪರಮಪ್ರಸಾದದ ಅದ್ಭುತಗಳ ಬಗ್ಗೆ ಮಾಹಿತಿ ಕಲೆಹಾಕಿದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಅವರ ಶಾಲೆಯ ಬದುಕಿನ ಬಗ್ಗೆ ಅಷ್ಟಾಗಿ ಯಾರೂ ಹೇಳುವುದಿಲ್ಲ. ಇಟಲಿಯ ಮಿಲಾನ್ ನಗರದ ಅನುಕೂಲಸ್ಥರ ಮನೆಯ ಹುಡುಗ. ಅಂಗವಿಕಲ ಸಹಪಾಠಿಗಳನ್ನು ಯಾರಾದರೂ ಹಂಗಿಸಿದರೆ ಅವರ ಪರವಾಗಿ ನಿಲ್ಲುತ್ತಿದ್ದರು. ಯಾವ ಗೆಳೆಯನ ತಂದೆತಾಯಿ ಬೇರೆಯಾಗುತ್ತಿದ್ದರೋ ಆ ಗೆಳೆಯನನ್ನು ಮನೆಗೆ ಕರೆದುಕೊಂಡು ಬರುತ್ತಿದ್ದರು. ಏಳನೇ ವಯಸ್ಸಿನಲ್ಲಿ ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮೇಲೆ ಸಾಧ್ಯವಾದಷ್ಟೂ ಪ್ರತಿದಿನ ಬಲಿಪೂಜೆಗೆ ಹೋಗುತ್ತಿದ್ದ ಹುಡುಗ ಇವರೇ. ಬೆಳಿಗ್ಗೆ ಬಲಿಪೀಠದ ಮುಂದೆ ಕಂಡವರನ್ನೇ ತರಗತಿಯಲ್ಲೂ ಕಂಡರು. ಹಾಗಾಗಿ ಮನೆಯಲ್ಲಿ ಕಾರ್ಲೋ ಅವರ ಚಿತ್ರ ಹಾಕಿದವರು, ಮಗನ ಗೆಳೆಯ ಮನೆಗೆ ಬಂದಾಗ ‘ಇವನ ಮನೆಯಲ್ಲಿ ಏನೋ ಗಲಾಟೆಯಂತೆ’ ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಬೇಡಿ. ಆ ಹುಡುಗನಿಗೆ ಕೇಳಿಸುತ್ತದೆ.

ತಂದೆತಾಯಂದಿರೇ, ಮಗು ಶಾಲೆಯಿಂದ ಬಂದೊಡನೆ ಏನು ಕೇಳುತ್ತೀರಿ? ಟೆಸ್ಟಿನಲ್ಲಿ ಎಷ್ಟು ಬಂತು, ಹೋಮ್‌ವರ್ಕ್ ಏನಿದೆ, ಡಬ್ಬಿ ಖಾಲಿ ಮಾಡಿದೆಯಾ. ಕೇಳಿ, ತಪ್ಪಲ್ಲ. ಅದರ ಜೊತೆ ವಾರಕ್ಕೊಮ್ಮೆಯಾದರೂ ಇನ್ನೊಂದು ಮಾತು ಕೇಳಿ: ಇವತ್ತು ತರಗತಿಗೆ ಯಾರು ಬಂದಿರಲಿಲ್ಲ? ಯಾಕೆ ಬಂದಿರಲಿಲ್ಲ ಎಂದು ಮಗುವಿಗೆ ಗೊತ್ತಿರುವುದಿಲ್ಲ. ಮುಂದಿನ ವಾರದ ಹೊತ್ತಿಗೆ ಗೊತ್ತು ಮಾಡಿಕೊಂಡು ಬರುತ್ತದೆ. ನೋಡಬೇಕಾದದ್ದು ಇದು ಎಂದು ನೀವು ತೋರಿಸಿದ ಕಡೆ ಮಗು ನೋಡುತ್ತದೆ. ಆದರೆ ಮಗು ತಂದ ಸುದ್ದಿಯನ್ನು ನೀವು ಫೋನಿನಲ್ಲಿ ನಿಮ್ಮ ಅಕ್ಕನಿಗೆ, ನಾದಿನಿಗೆ ದಾಟಿಸಿದಿರೋ, ಅಲ್ಲಿಗೆ ಮುಗಿಯಿತು. ಮತ್ತೊಬ್ಬರ ಕಷ್ಟ ಮಾತಿಗೆ ಮೇವು ಎಂದು ಮಗು ಕಲಿಯುತ್ತದೆ.

ಸಹಪಾಠಿಯ ತಂದೆಯೋ ತಾಯಿಯೋ ತೀರಿಕೊಂಡಾಗ ಏನು ಮಾತಾಡಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ. ನಮಗೂ ತಿಳಿಯುವುದಿಲ್ಲ, ಆದರೂ ಮಾತಾಡುತ್ತೇವೆ. 2021ರ ಕೊರೋನಾ ಅಲೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಪುಟ್ಟ ಮಕ್ಕಳು ಈಗ ಹೈಸ್ಕೂಲಿನಲ್ಲಿದ್ದಾರೆ. ಅಂತಹ ಒಬ್ಬಳು ನಮಗೆ ಹೇಳಿದ್ದು: ‘ದೇವರ ಚಿತ್ತ’ ಎಂದು ಎಲ್ಲರೂ ಹೇಳಿದರು, ಆದರೆ ಆ ವಾರದ ನೋಟ್ಸ್ ಬರೆದುಕೊಟ್ಟವಳು ಒಬ್ಬಳೇ. ಯೋಬನ ಗೆಳೆಯರನ್ನು ನಾವು ಯಾವಾಗಲೂ ಬೈಯುತ್ತೇವೆ. ಆದರೆ ಅವರು ಬಂದ ಮೊದಲ ಏಳು ದಿನ ಏಳು ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಷ್ಟು ದಿನ ಅವರು ಒಳ್ಳೆಯ ಗೆಳೆಯರಾಗಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ಮಕ್ಕಳೇ, ನಿಮಗೆ ಮಾತು ಬರದಿದ್ದರೆ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ. ಆಟಕ್ಕೆ ಕರೆಯಿರಿ. ಬರುವುದಿಲ್ಲ ಎಂದರೆ ನಾಳೆ ಮತ್ತೆ ಕರೆಯಿರಿ.

ಒಂದು ವಿಷಯವನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ಗೆಳೆಯನೋ ಗೆಳತಿಯೋ ‘ಮನೆಯಲ್ಲಿ ಹೊಡೆಯುತ್ತಾರೆ’, ‘ಒಬ್ಬರು ನನ್ನನ್ನು ಕೆಟ್ಟದಾಗಿ ಮುಟ್ಟುತ್ತಾರೆ’, ‘ಬದುಕುವುದೇ ಬೇಡ ಅನ್ನಿಸುತ್ತದೆ’ ಎಂದು ಹೇಳಿದರೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡರೂ ಆ ಗುಟ್ಟನ್ನು ನೀವು ಇಟ್ಟುಕೊಳ್ಳಬಾರದು. ನಿಮ್ಮ ಅಮ್ಮನಿಗೆ, ನಂಬಿಕೆಯ ಟೀಚರಿಗೆ, ಇಲ್ಲವೇ ನಮಗೆ ಹೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಅಷ್ಟು ದೊಡ್ಡ ಭಾರವನ್ನು ಒಂದು ಮಗು ಒಂಟಿಯಾಗಿ ಹೊರಬೇಕಾಗಿಲ್ಲ, ಇನ್ನೊಂದು ಮಗು ಅದನ್ನು ಇಳಿಸಿಕೊಳ್ಳಲೂ ಆಗುವುದಿಲ್ಲ.

ಇಷ್ಟು ಹೊತ್ತು ಕೊಡುವ ಮಕ್ಕಳ ಬಗ್ಗೆ ಮಾತಾಡಿದೆವು. ನಲ್ಲಿಯ ಹತ್ತಿರ ಹೋಗುವ ಮಕ್ಕಳೂ ಇದೇ ದೇವಾಲಯದಲ್ಲಿ ಕೂತಿದ್ದೀರಿ. ನೀವು ಯಾರೆಂದು ನಮಗೆ ಕೆಲವು ಸಲ ಗೊತ್ತಾಗುತ್ತದೆ, ಬಹಳ ಸಲ ಗೊತ್ತಾಗುವುದಿಲ್ಲ. ನಿಮ್ಮ ಮನೆಯಲ್ಲಿ ಆಗುತ್ತಿರುವುದು ನಿಮ್ಮ ತಪ್ಪಲ್ಲ ಮಕ್ಕಳೇ. ಅದಕ್ಕೆ ನೀವು ನಾಚಬೇಕಾಗಿಲ್ಲ. ನಾಚಬೇಕಾದವರಿಗೆ ಪೌಲರು ಆಗಲೇ ಪತ್ರ ಬರೆದಿದ್ದಾರೆ.

ಇಂದು ಓದಿದ ಶುಭಸಂದೇಶ ಯೊವಾನ್ನರ ಆರನೇ ಅಧ್ಯಾಯದ್ದು. ಸ್ವರ್ಗದಿಂದ ಇಳಿದು ಬಂದ ಜೀವದ ರೊಟ್ಟಿ ತಾವೇ ಎಂದು ಯೇಸುಸ್ವಾಮಿ ಹೇಳುವ ಭಾಗ. ಆ ಅಧ್ಯಾಯ ಶುರುವಾಗುವುದು ಒಬ್ಬ ಹುಡುಗನ ಬುತ್ತಿಯಿಂದ. ಐದು ಜವೆಗೋಧಿ ರೊಟ್ಟಿ, ಎರಡು ಮೀನು. ಜವೆಗೋಧಿ ಆ ಕಾಲದ ಬಡವರ ಧಾನ್ಯ. ನಮ್ಮ ಹಳ್ಳಿಗಳಲ್ಲಿ ಅನ್ನ ಹಬ್ಬಕ್ಕೆ ಮಾತ್ರ, ದಿನಾ ರಾಗಿ ಎಂದಿದ್ದ ಕಾಲದ ರಾಗಿಯ ಹಾಗೆ. ಆ ಹುಡುಗನನ್ನು ಗುರುತಿಸಿದವರು ಪ್ರೇಷಿತ ಅಂದ್ರೆಯರು. ಗುರುತಿಸಿದರೂ, ಇಷ್ಟು ಜನಕ್ಕೆ ಇದು ಯಾವ ಮೂಲೆಗೆ ಎಂದು ರಾಗ ಎಳೆದರು. ಬುತ್ತಿ ಕಟ್ಟಿಕೊಟ್ಟವರು ಯಾರ ಮನೆಯ ಯಾವ ತಾಯಿಯೋ, ಶುಭಸಂದೇಶ ಅವರ ಬಗ್ಗೆ ಏನೂ ಹೇಳುವುದಿಲ್ಲ. ಯೇಸುಸ್ವಾಮಿ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿದರು. ತಂದವರು, ತಾರದವರು ಎಲ್ಲರೂ ಒಂದೇ ನೆಲದ ಮೇಲೆ. ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, ಇವನೇ ಕೊಟ್ಟವನು ಎಂದು ಹೇಳಲಿಲ್ಲ. ಅವನ ಹೆಸರು ಇವತ್ತಿಗೂ ನಮಗೆ ಗೊತ್ತಿಲ್ಲ.

ಆ ಚಪಾತಿಯ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಅಮ್ಮ ಮಾರನೇ ದಿನದಿಂದಲೇ ಡಬ್ಬಿಗೆ ಎರಡು ಚಪಾತಿ ಹೆಚ್ಚು ಹಾಕಿದರು. ಆದರೆ ಗೆಳತಿ ತೆಗೆದುಕೊಳ್ಳಲಿಲ್ಲ. “ನಂಗೆ ಹಸಿವಿಲ್ಲ” ಎಂದು ಎರಡು ದಿನವೂ ನಲ್ಲಿಯ ಹತ್ತಿರ ಹೋದಳು. ಮೂರನೇ ದಿನ ಈ ಹುಡುಗಿ ಡಬ್ಬಿ ತೆರೆಯದೆ ಕಾದಳು. ಗೆಳತಿ ಬಂದ ಮೇಲೆ ಮುಖ ಸಪ್ಪಗೆ ಮಾಡಿಕೊಂಡು ಹೇಳಿದಳಂತೆ: “ನಮ್ಮಮ್ಮ ತುಂಬಾ ಹಾಕಿಬಿಡ್ತಾರೆ ಕಣೇ. ಉಳಿಸ್ಕೊಂಡು ಹೋದ್ರೆ ಬೈತಾರೆ. ಸ್ವಲ್ಪ ಸಹಾಯ ಮಾಡೇ.”

ಈ ಉಪಾಯವನ್ನು ಅಮ್ಮನೂ ಹೇಳಿಕೊಟ್ಟಿರಲಿಲ್ಲ, ನಾವೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಪಾಪನಿವೇದನೆಗೆ ಮುಂಚೆ ನಮ್ಮ ಹತ್ತಿರ ಬಂದು “ಅದು ಸುಳ್ಳಾಗುತ್ತಾ ಫಾದರ್?” ಎಂದು ಕೇಳಿದಳು. ಅಮ್ಮ ತುಂಬಾ ಹಾಕುತ್ತಿದ್ದದ್ದು ನಿಜವೇ ಅಲ್ಲವೇ ಎಂದೆವು. ಉಳಿಸಿಕೊಂಡು ಹೋದರೆ ಬೈಯುತ್ತಿದ್ದದ್ದೂ ನಿಜವಂತೆ.

ಗೆಳತಿಯ ತಂದೆ ಗುಣವಾಗಿ ಮತ್ತೆ ಆಟೋ ಓಡಿಸಲು ಆರಂಭಿಸಿದ್ದು ಕ್ರಿಸ್ಮಸ್ ರಜೆಯ ನಂತರ. ಅಷ್ಟರಲ್ಲಿ ಆ ಗೆಳತಿ ತಮ್ಮ ಓಣಿಯ ಮರದ ಬೆಟ್ಟದ ನೆಲ್ಲಿಕಾಯಿ ತರಲು ಶುರು ಮಾಡಿದ್ದಳು, ಕಾಗದದ ಚೂರಿನಲ್ಲಿ ಉಪ್ಪು ಖಾರ ಕಟ್ಟಿಕೊಂಡು. ಒಂದು ದಿನ ಶಾಲೆಯ ದಾರಿಯಲ್ಲಿ ಹೋಗುವಾಗ ಕಿಟಕಿಯಿಂದ ಇಬ್ಬರನ್ನೂ ಕಂಡೆವು. ಊಟದ ಬೆಲ್ ಆಗಿತ್ತು. ನಮ್ಮ ಹುಡುಗಿ ಟೀಚರ ಹತ್ತಿರ ಏನೋ ಕೇಳುತ್ತಾ ನಿಂತಿದ್ದಳು. ಬೆಂಚಿನ ಮೇಲೆ ಆ ಗೆಳತಿ, ಮುಂದೆ ತನ್ನದೇ ಡಬ್ಬಿಯನ್ನು ಇಟ್ಟುಕೊಂಡು, ಮುಚ್ಚಳ ತೆರೆಯದೆ ಅವಳಿಗಾಗಿ ಕಾಯುತ್ತಿದ್ದಳು.